ಗೋಡೆಗೆ ಕೂರಿಸುವ ವಾರ್ಡ್‌ರೋಬ್: ಹೊರಗಿನ ಶಟರ್‌ಗಿಂತ ಒಳಗಿನ ಪೆಟ್ಟಿಗೆ

ವಾರ್ಡ್‌ರೋಬ್ ಮಾಡಿಕೊಡುವವರ ಮಳಿಗೆಗೆ ಹೋದರೆ ಅವರು ಗಿರಾಕಿಯನ್ನು ಮೊದಲು ಕರೆದೊಯ್ಯುವುದು ಶಟರ್‌ಗಳ, ಅಂದರೆ ಬಾಗಿಲುಗಳ, ಮಾದರಿಗಳನ್ನು ಸಾಲಾಗಿ ಜೋಡಿಸಿಟ್ಟ ಗೋಡೆಯ ಮುಂದೆ. ಹೊಳೆಯುವ ಅಕ್ರಿಲಿಕ್, ಮಂದ ಬಣ್ಣದ ಲ್ಯಾಮಿನೇಟ್, ಮರದ ನಾರು ಕಾಣುವ ವೆನೀರ್, ಬಣ್ಣ ಹಚ್ಚಿದ ಗಾಜು, ಇವುಗಳಲ್ಲಿ ಒಂದನ್ನು ಆರಿಸುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಒಳಗೆ ಏನಿರುತ್ತದೆ ಎಂದು ಕೇಳಿದರೆ ‘ಸ್ಟ್ಯಾಂಡರ್ಡ್’ ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ದರವನ್ನೂ ಬಹಳಷ್ಟು ಕಡೆ ಮುಂಭಾಗದ ವಿಸ್ತೀರ್ಣದ ಲೆಕ್ಕದಲ್ಲಿ ಹೇಳುವುದರಿಂದ, ಒಳಗಿನ ಹಲಗೆಗಳೆಷ್ಟು, ಅವುಗಳ ದಪ್ಪವೆಷ್ಟು, ಡ್ರಾಯರ್‌ಗಳು ಎಷ್ಟು ಭಾರ ತಾಳುತ್ತವೆ ಎಂಬ ವಿವರಗಳೆಲ್ಲ ಆ ಒಂದು ಅಂಕಿಯೊಳಗೆ ಮರೆಯಾಗುತ್ತವೆ. ನಮ್ಮ ಮನೆಯ ಒಂದು ಕೋಣೆಯಲ್ಲಿ ಹೊರಕ್ಕೆ ತೆರೆಯುವ ಬಾಗಿಲಿನ ವಾರ್ಡ್‌ರೋಬ್ ಇದೆ, ಇನ್ನೊಂದರಲ್ಲಿ ಜಾರುವ ಬಾಗಿಲಿನದು. ಎರಡನ್ನೂ ದಿನನಿತ್ಯ ಬಳಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಶಟರ್‌ನ ಬಣ್ಣ ಸ್ವಲ್ಪ ಕಾಲದಲ್ಲೇ ಕಣ್ಣಿಗೆ ಒಗ್ಗಿಹೋಗುತ್ತದೆ, ಒಳಗಿನ ಪೆಟ್ಟಿಗೆಯ ಗುಣದೋಷಗಳು ಮಾತ್ರ ಪ್ರತಿ ಬೆಳಿಗ್ಗೆಯೂ ಕೈಗೆ ತಾಗುತ್ತವೆ.

ಗೋಡೆಗೆ ಕೂರಿಸುವ ವಾರ್ಡ್‌ರೋಬ್‌ನ ದೊಡ್ಡ ಅನುಕೂಲವೆಂದರೆ ಅದು ನೆಲದಿಂದ ಚಾವಣಿಯವರೆಗೆ, ಈ ಗೋಡೆಯಿಂದ ಆ ಗೋಡೆಯವರೆಗೆ ಇರುವ ಜಾಗವನ್ನೆಲ್ಲ ಬಳಸಿಕೊಳ್ಳುತ್ತದೆ. ಬಿಡಿಯಾಗಿ ನಿಲ್ಲಿಸುವ ಬೀರುವಿನ ನೆತ್ತಿಯ ಮೇಲೆ ಧೂಳು ಹಿಡಿಯುವ ಪೆಟ್ಟಿಗೆಗಳು, ಪಕ್ಕದ ಸಂದಿಯಲ್ಲಿ ಸಿಕ್ಕಿಬಿದ್ದ ಸಾಮಾನುಗಳು ಇಲ್ಲಿ ಇರುವುದಿಲ್ಲ. ಗೋಡೆಗೆ ಬಿಗಿದಿರುವುದರಿಂದ ಮಕ್ಕಳು ಡ್ರಾಯರ್ ಹಿಡಿದು ಹತ್ತಿದರೂ ಮುಗುಚುವ ಭಯವಿಲ್ಲ. ಅನನುಕೂಲವೂ ಅದೇ ಗುಣದಿಂದ ಹುಟ್ಟುತ್ತದೆ. ಒಮ್ಮೆ ಕೂರಿಸಿದ್ದನ್ನು ಬೇರೆ ಕಡೆಗೆ ಒಯ್ಯಲಾಗುವುದಿಲ್ಲ, ಒಯ್ದರೂ ಇನ್ನೊಂದು ಕೋಣೆಯ ಅಳತೆಗೆ ಅದು ಹೊಂದುವುದಿಲ್ಲ. ಮನೆ ಬದಲಿಸುವ ಸಾಧ್ಯತೆ ಇರುವವರು ಬಿಡಿ ಚೌಕಟ್ಟುಗಳನ್ನು ಜೋಡಿಸಿ, ಪಕ್ಕದ ಸಂದಿಗಳನ್ನು ಪಟ್ಟಿಗಳಿಂದ ಮುಚ್ಚಿಕೊಳ್ಳುವುದೇ ಲೇಸು. ಐಕಿಯಾ ಸಂಸ್ಥೆಯ ಪ್ಯಾಕ್ಸ್ ಶ್ರೇಣಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅದರ ಚೌಕಟ್ಟುಗಳು 50, 75, 100 ಸೆಂ.ಮೀ. ಅಗಲದಲ್ಲಿ, 35 ಮತ್ತು 58 ಸೆಂ.ಮೀ. ಆಳದಲ್ಲಿ, 201 ಮತ್ತು 236 ಸೆಂ.ಮೀ. ಎತ್ತರದಲ್ಲಿ ದೊರೆಯುತ್ತವೆ. ಅದನ್ನು ಕೊಳ್ಳದವರೂ ಈ ಅಳತೆಗಳನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ಬಟ್ಟೆ ತೂಗುಹಾಕುವ ಯಾವುದೇ ಪೆಟ್ಟಿಗೆಯ ಆಳ ಕೊನೆಗೆ ಬಂದು ನಿಲ್ಲುವುದು 58ರಿಂದ 60 ಸೆಂ.ಮೀ.ನ ಸುತ್ತಮುತ್ತಲೇ.

ಹ್ಯಾಂಗರ್‌ನ ಅಗಲ ಸುಮಾರು 43ರಿಂದ 45 ಸೆಂ.ಮೀ. ಇರುತ್ತದೆ. ಅದರ ಮೇಲೆ ಅಂಗಿ ಹಾಕಿದಾಗ ತೋಳುಗಳ ಉಬ್ಬು ಸೇರಿ 50 ಸೆಂ.ಮೀ. ಆಗುತ್ತದೆ, ದಪ್ಪನೆಯ ಕೋಟಾದರೆ 55 ಮುಟ್ಟುತ್ತದೆ. ಬಾಗಿಲು ಬಟ್ಟೆಗೆ ತಾಗದೆ ಮುಚ್ಚಿಕೊಳ್ಳಬೇಕಾದರೆ ಹಿಂಬದಿಯ ಹಲಗೆ ಮತ್ತು ಮುಂದಿನ ಶಟರ್ ಸೇರಿ ಒಟ್ಟು ಆಳ 60 ಸೆಂ.ಮೀ., ಅಂದರೆ ಎರಡು ಅಡಿ, ಬೇಕಾಗುತ್ತದೆ. ಇಲ್ಲಿಯೇ ಜಾರುವ ಬಾಗಿಲಿನ ಮೊದಲ ತೊಡಕು ಎದುರಾಗುತ್ತದೆ. ಒಂದರ ಮುಂದೆ ಒಂದು ಓಡುವ ಎರಡು ಬಾಗಿಲುಗಳೂ ಅವುಗಳ ಹಳಿಗಳೂ ಸೇರಿ 8ರಿಂದ 10 ಸೆಂ.ಮೀ. ಆಳವನ್ನು ತಿನ್ನುತ್ತವೆ. ಆದ್ದರಿಂದ ಅದೇ ಬಟ್ಟೆಗೆ ಜಾರುವ ವಾರ್ಡ್‌ರೋಬ್‌ನ ಒಟ್ಟು ಆಳ 68ರಿಂದ 70 ಸೆಂ.ಮೀ. ಇರಬೇಕು. ಕೋಣೆ ಚಿಕ್ಕದೆಂಬ ಕಾರಣಕ್ಕೇ ಜಾರುವ ಬಾಗಿಲನ್ನು ಆರಿಸಿದವರಿಗೆ ಈ ಹೆಚ್ಚುವರಿ ಆಳವನ್ನು ಯಾರೂ ತಾವಾಗಿ ಹೇಳುವುದಿಲ್ಲ. ನಕ್ಷೆಯಲ್ಲಿ ಎರಡಕ್ಕೂ 60 ಎಂದೇ ಬರೆದಿರುತ್ತದೆ. ಹಾಗೆ ಮಾಡಿಸಿದರೆ ಒಳಗೆ ಉಳಿಯುವುದು 50 ಸೆಂ.ಮೀ. ಮಾತ್ರ, ಬಾಗಿಲು ಸರಿಸಿದಾಗಲೆಲ್ಲ ಕೋಟಿನ ತೋಳು ಅದಕ್ಕೆ ಸಿಕ್ಕಿಕೊಂಡು ಎಳೆದಾಡುತ್ತದೆ.

ಬಾಗಿಲಿನ ಬಗೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಮಂಚ ಮತ್ತು ವಾರ್ಡ್‌ರೋಬ್‌ನ ನಡುವಣ ಅಂತರದಲ್ಲಿ ಮುಗಿಯುತ್ತದೆ. ಆ ಅಂತರ 75 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ 45 ಸೆಂ.ಮೀ. ಅಗಲದ ಶಟರ್‌ಗಳನ್ನು ಧಾರಾಳವಾಗಿ ತೆರೆಯಬಹುದು, 60ಕ್ಕಿಂತ ಕಡಿಮೆಯಿದ್ದರೆ ಜಾರುವುದೇ ಸರಿ ಎಂಬ ಲೆಕ್ಕ ತಕ್ಕಮಟ್ಟಿಗೆ ನಿಜ. ಆದರೆ ಈ ಲೆಕ್ಕದಲ್ಲಿ ಡ್ರಾಯರ್‌ಗಳನ್ನು ಮರೆತಿರುತ್ತೇವೆ. ಬಾಗಿಲು ಪಕ್ಕಕ್ಕೆ ಸರಿದರೂ ಒಳಗಿನ ಡ್ರಾಯರ್ ಹೊರಕ್ಕೇ ಬರಬೇಕು, 50 ಸೆಂ.ಮೀ. ಉದ್ದದ ಡ್ರಾಯರನ್ನು ಪೂರ್ತಿ ಎಳೆದು, ಅದರ ಮುಂದೆ ಬಗ್ಗಿ ನಿಲ್ಲಲು ಬೇಕಾದ ಜಾಗ ತೆರೆಯುವ ಬಾಗಿಲಿಗೆ ಬೇಕಾದಷ್ಟೇ ಇದೆ. ಮಂಚ ಅಷ್ಟು ಹತ್ತಿರವಿರುವ ಕೋಣೆಯಲ್ಲಿ ಕೆಳಗಿನ ಡ್ರಾಯರ್‌ಗಳ ಬದಲು ತೆರೆದ ಕಪಾಟುಗಳನ್ನೋ ಎತ್ತಿ ಇಡಬಹುದಾದ ಬುಟ್ಟಿಗಳನ್ನೋ ಯೋಚಿಸುವುದು ಜಾಣತನ.

ಜಾರುವ ಬಾಗಿಲಿನ ಇನ್ನೊಂದು ಮಿತಿ ಬಳಸತೊಡಗಿದ ಮೇಲೆಯೇ ತಿಳಿಯುತ್ತದೆ. ಎರಡು ಬಾಗಿಲಿದ್ದರೆ ಯಾವ ಹೊತ್ತಿಗೂ ಅರ್ಧ ಭಾಗ ಮಾತ್ರ ಕಾಣುತ್ತದೆ. ಎರಡು ಹಳಿಯ ಮೇಲೆ ಮೂರು ಬಾಗಿಲು ಓಡಿಸಿದರೆ ಮೂರನೆಯ ಒಂದು ಭಾಗ ಮಾತ್ರ. ಮಧ್ಯದಲ್ಲಿ ಬಾಗಿಲುಗಳು ಒಂದರ ಮೇಲೊಂದು ಬರುವ ಪಟ್ಟಿಯ ಹಿಂದೆ ಡ್ರಾಯರ್‌ನ ಒಂದು ಅಂಚು ಬಂದರೂ ಸಾಕು, ಎಡಬಾಗಿಲು ಸರಿಸಿದರೂ ಬಲಬಾಗಿಲು ಸರಿಸಿದರೂ ಆ ಡ್ರಾಯರ್ ಹೊರಗೆ ಬರುವುದಿಲ್ಲ. ಒಳಗಿನ ಅಡ್ಡಗೋಡೆಗಳನ್ನು ಬಾಗಿಲುಗಳ ಅಗಲಕ್ಕೆ ಸರಿಹೊಂದಿಸಿ, ಡ್ರಾಯರ್‌ಗಳನ್ನು ಮಧ್ಯದ ಪಟ್ಟಿಯಿಂದ ದೂರ ಇಟ್ಟಿದ್ದಾರೆಯೇ ಎಂಬುದನ್ನು ನಕ್ಷೆಯ ಮೇಲೆ ಬಾಗಿಲುಗಳನ್ನು ಪೆನ್ಸಿಲ್‌ನಿಂದ ಬರೆದು ನೋಡಬೇಕು. ಗಣಕದ ಮೂರು ಆಯಾಮದ ಚಿತ್ರದಲ್ಲಿ ಬಾಗಿಲುಗಳನ್ನು ಮಾಯ ಮಾಡಿಯೇ ಒಳಭಾಗವನ್ನು ತೋರಿಸುತ್ತಾರೆ, ಆದ್ದರಿಂದ ಈ ದೋಷ ಅಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಕೆಳಹಳಿಯಲ್ಲಿ ಧೂಳು, ಕೂದಲು ಸೇರಿ ಚಕ್ರಗಳು ಗರಗರ ಎನ್ನುವುದು ಮತ್ತೊಂದು ದೂರು. ಮೇಲಿನ ಹಳಿಗೆ ತೂಗುಬೀಳುವ ಬಾಗಿಲುಗಳಲ್ಲಿ ಇದು ಕಡಿಮೆ, ಆದರೆ ಬಾಗಿಲಿನ ಭಾರವನ್ನೆಲ್ಲ ಹೊರುವ ಮೇಲ್ಹಲಗೆ ಅಷ್ಟೇ ಗಟ್ಟಿಯಾಗಿರಬೇಕಾಗುತ್ತದೆ.

ಇಷ್ಟಾದರೂ ಜಾರುವ ಬಾಗಿಲನ್ನು ನಾನು ತಳ್ಳಿಹಾಕುವುದಿಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ತೆರೆದ ಶಟರ್‌ಗೆ ಭುಜ ಬಡಿಸಿಕೊಳ್ಳುವ ಕಷ್ಟವನ್ನು ಅದು ನಿಜವಾಗಿಯೂ ತಪ್ಪಿಸುತ್ತದೆ. ಆದರೆ ಜಾಗವಿರುವ ಕಡೆ ತೆರೆಯುವ ಬಾಗಿಲಿಗೇ ನನ್ನ ಒಲವು: ಇಡೀ ಒಳಭಾಗ ಒಂದೇ ನೋಟಕ್ಕೆ ಸಿಗುತ್ತದೆ, ಒಂದು ಹಿಂಜ್ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು, ಮುಚ್ಚಿದಾಗ ಧೂಳು ಒಳಹೋಗುವ ಸಂದಿಯೂ ಕಿರಿದು.

ಒಳವಿನ್ಯಾಸಕ್ಕೆ ಬರೋಣ. ತೂಗುಹಾಕುವ ಬಟ್ಟೆಗಳಲ್ಲಿ ಗಿಡ್ಡ ಮತ್ತು ಉದ್ದ ಎಂಬ ಎರಡೇ ಬಗೆ. ಅಂಗಿ, ಜಾಕೆಟ್, ಮಡಚಿ ಹಾಕಿದ ಪ್ಯಾಂಟುಗಳಿಗೆ ಹ್ಯಾಂಗರ್ ತೂಗುವ ಕೊಳವೆಯಿಂದ ಕೆಳಕ್ಕೆ 100ರಿಂದ 105 ಸೆಂ.ಮೀ. ಸಾಕು, ನೆಲಮುಟ್ಟುವ ಉಡುಪು, ಉದ್ದನೆಯ ಕೋಟುಗಳಿಗೆ 150ರಿಂದ 160 ಸೆಂ.ಮೀ. ಬೇಕು. ಬಹುಪಾಲು ಜನರ ಬಟ್ಟೆಗಳಲ್ಲಿ ಉದ್ದನೆಯವು ಕೆಲವೇ ಇರುತ್ತವೆ, ಹೀಗಿದ್ದೂ ಸಿದ್ಧ ವಿನ್ಯಾಸಗಳಲ್ಲಿ ತೂಗುಹಾಕುವ ವಿಭಾಗಗಳೆಲ್ಲ ಉದ್ದಕ್ಕೇ ಇರುತ್ತವೆ. ಅಂಗಿಗಳ ಕೆಳಗೆ ಅರ್ಧ ಮೀಟರ್ ಎತ್ತರದ ಖಾಲಿ ಜಾಗ ಉಳಿದು, ಅಲ್ಲಿ ಚೀಲಗಳೂ ಪಾದರಕ್ಷೆಗಳೂ ರಾಶಿ ಬೀಳುತ್ತವೆ. ಸುಮಾರು 210 ಸೆಂ.ಮೀ. ಒಳ ಎತ್ತರ ಸಿಕ್ಕರೆ ಒಂದರ ಕೆಳಗೊಂದು ಎರಡು ಕೊಳವೆ ಹಾಕಬಹುದು. ಅದೇ ಅಗಲದಲ್ಲಿ ಎರಡರಷ್ಟು ಬಟ್ಟೆ ಹಿಡಿಯುತ್ತದೆ. ಉದ್ದನೆಯ ಬಟ್ಟೆಗೆ ಒಂದು ಕಿರಿದಾದ ವಿಭಾಗ ಮೀಸಲಿಟ್ಟರೆ ಸಾಕು. ಕೊಳವೆಗೂ ಅದರ ಮೇಲಿನ ಹಲಗೆಗೂ ನಡುವೆ 4ರಿಂದ 5 ಸೆಂ.ಮೀ. ಬಿಡದಿದ್ದರೆ ಹ್ಯಾಂಗರನ್ನು ಎತ್ತಿ ತೆಗೆಯುವಾಗ ಕೊಕ್ಕೆ ಹಲಗೆಗೆ ತಾಗಿ ತಡೆಯುತ್ತದೆ. ಕೊಳವೆ ಒಂದು ಮೀಟರ್‌ಗಿಂತ ಉದ್ದವಿದ್ದರೆ ಮಧ್ಯದಲ್ಲಿ ಒಂದು ಆಧಾರ ಬೇಕು.

ಮಡಚಿಡುವ ಬಟ್ಟೆಗೆ ತೂಗುಹಾಕುವಷ್ಟು ಆಳ ಬೇಡ. ಮಡಚಿದ ಅಂಗಿಯ ಉದ್ದ 35ರಿಂದ 40 ಸೆಂ.ಮೀ., ಹಲಗೆಯ ಆಳ 55. ಉಳಿದ ಜಾಗದಲ್ಲಿ ಎರಡನೆಯ ಸಾಲು ಹುಟ್ಟಿಕೊಳ್ಳುತ್ತದೆ, ಆ ಹಿಂದಿನ ಸಾಲಿನಲ್ಲಿರುವ ಬಟ್ಟೆ ವರ್ಷಗಟ್ಟಲೆ ಬೆಳಕು ಕಾಣುವುದಿಲ್ಲ. ಹೊರಕ್ಕೆ ಎಳೆಯಬಹುದಾದ ತಟ್ಟೆಗಳು ಇದಕ್ಕೆ ಪರಿಹಾರ, ಆದರೆ ಪ್ರತಿ ತಟ್ಟೆಗೂ ಒಂದು ಜೊತೆ ಚಾನೆಲ್ (ಅದು ಜಾರಿಬರುವ ಲೋಹದ ಹಳಿ) ಬೇಕಾಗುವುದರಿಂದ ಖರ್ಚು ಏರುತ್ತದೆ. ಎದೆಮಟ್ಟದಲ್ಲಿರುವ ಒಂದೆರಡು ಕಪಾಟುಗಳಿಗೆ ಮಾತ್ರ ತಟ್ಟೆ ಹಾಕಿಸಿ, ಉಳಿದವನ್ನು ಹಾಗೆಯೇ ಬಿಡುವುದು ನನಗೆ ಸರಿ ಕಂಡಿದೆ. ಹಲಗೆಗಳ ನಡುವಣ ಅಂತರ 30ರಿಂದ 35 ಸೆಂ.ಮೀ.; ಅದಕ್ಕಿಂತ ಹೆಚ್ಚಾದರೆ ಮಡಿಕೆಗಳ ಗೋಪುರ ಎತ್ತರವಾಗಿ ವಾಲಿಬೀಳುತ್ತದೆ.

ಇಲ್ಲಿ ನೋಡಲೇಬೇಕಾದ ಒಂದು ಸಣ್ಣ ಸಂಗತಿಯೆಂದರೆ ಪೆಟ್ಟಿಗೆಯ ಪಕ್ಕದ ಹಲಗೆಗಳಲ್ಲಿ ಸಾಲಾಗಿ ಕೊರೆದ ತೂತುಗಳು. ಕಾರ್ಖಾನೆಯಲ್ಲಿ ಮಾಡಿದ ಪೆಟ್ಟಿಗೆಗಳಲ್ಲಿ 5 ಮಿ.ಮೀ. ವ್ಯಾಸದ ಈ ತೂತುಗಳು ಒಂದರಿಂದ ಒಂದಕ್ಕೆ ಸರಿಯಾಗಿ 32 ಮಿ.ಮೀ. ದೂರದಲ್ಲಿ, ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಇರುತ್ತವೆ. ಹಿಂಜ್‌ಗಳ ತಳಪಟ್ಟಿ, ಡ್ರಾಯರ್ ಚಾನೆಲ್, ಹಲಗೆಯ ಗೂಟ ಎಲ್ಲವೂ ಇದೇ ಲೆಕ್ಕಕ್ಕೆ ತಯಾರಾಗುತ್ತವೆ. ಈ ಸಾಲು ಇದ್ದರೆ ಇಂದು ಹಲಗೆಯಿರುವ ಕಡೆ ನಾಳೆ ಕೊಳವೆ ಹಾಕಬಹುದು, ಮಗುವಿನ ಗಿಡ್ಡ ಬಟ್ಟೆಗೆ ಹೊಂದಿಸಿದ್ದನ್ನು ಅದು ಬೆಳೆದಂತೆ ಮೇಲಕ್ಕೇರಿಸಬಹುದು. ನೋಡಲು ಅಂದವಾಗಿಲ್ಲವೆಂದು ಕೆಲವರು ಇದನ್ನು ಬೇಡವೆನ್ನುತ್ತಾರೆ, ಹಲಗೆಗಳನ್ನು ಅಂಟು ಮತ್ತು ಮೊಳೆಯಿಂದ ಶಾಶ್ವತವಾಗಿ ಕೂರಿಸಿಬಿಡುತ್ತಾರೆ. ಗೋಡೆಗೆ ಬಿಗಿದ ಪೆಟ್ಟಿಗೆಯ ಒಳಗಾದರೂ ಏನಾದರೊಂದು ಕದಲುವಂತಿರಲಿ ಎಂಬುದು ನನ್ನ ಅಭಿಪ್ರಾಯ.

ಹಲಗೆಗಳು ಮಧ್ಯದಲ್ಲಿ ಜೋತುಬೀಳುವುದು ವಾರ್ಡ್‌ರೋಬ್‌ಗಳ ಬಗ್ಗೆ ಎಲ್ಲೆಡೆ ಕೇಳಿಬರುವ ದೂರು. ಇದಕ್ಕೆ ಸಾಮಾನ್ಯವಾಗಿ ಹಲಗೆಯ ಗುಣಮಟ್ಟವನ್ನು ಬೈಯುತ್ತೇವೆ, ಆದರೆ ಹೆಚ್ಚಿನ ಸಲ ದೋಷ ಇರುವುದು ಅದರ ಉದ್ದದಲ್ಲಿ. ಅಷ್ಟೇ ತೂಕವನ್ನು ಸಮನಾಗಿ ಹರಡಿದರೂ ಹಲಗೆಯ ಉದ್ದ ಎರಡರಷ್ಟಾದಾಗ ಅದು ಬಾಗುವ ಪ್ರಮಾಣ ಎಂಟು ಪಟ್ಟಾಗುತ್ತದೆ. ಉದ್ದ ಹೆಚ್ಚಿದಂತೆ ಇಡುವ ಬಟ್ಟೆಯೂ ಎರಡರಷ್ಟಾಗುವುದರಿಂದ ವಾಸ್ತವದಲ್ಲಿ ಅದು ಹದಿನಾರು ಪಟ್ಟು. ಆದ್ದರಿಂದ 18 ಮಿ.ಮೀ. ದಪ್ಪದ ಪಾರ್ಟಿಕಲ್ ಬೋರ್ಡ್ 60 ಸೆಂ.ಮೀ. ಅಗಲದಲ್ಲಿ ನೆಟ್ಟಗೆ ನಿಂತಿದ್ದರೂ, 90 ದಾಟಿದರೆ ಕೆಲವು ಕಾಲದಲ್ಲಿ ಕಣ್ಣಿಗೆ ಕಾಣುವಂತೆ ಬಾಗುತ್ತದೆ. ಮರದ ಪುಡಿಯಿಂದ ಮಾಡಿದ ಹಲಗೆಗಳು ನಿರಂತರ ಭಾರದ ಅಡಿಯಲ್ಲಿ ನಿಧಾನವಾಗಿ ಬಾಗುತ್ತಲೇ ಹೋಗುತ್ತವೆ, ಭಾರ ತೆಗೆದರೂ ಪೂರ್ತಿ ಹಿಂದಿನ ಸ್ಥಿತಿಗೆ ಬರುವುದಿಲ್ಲ. ದಪ್ಪ ಹೆಚ್ಚಿಸಿದರೆ ಫಲ ದೊಡ್ಡದು: 18ರ ಬದಲು 25 ಮಿ.ಮೀ. ಹಾಕಿದರೆ ಬಾಗುವಿಕೆ ಸುಮಾರು ಎರಡೂಮುಕ್ಕಾಲು ಪಟ್ಟು ಇಳಿಯುತ್ತದೆ. ಅದು ಬೇಡವೆಂದರೆ ಮಧ್ಯದಲ್ಲಿ ಒಂದು ಲಂಬ ಹಲಗೆ ನಿಲ್ಲಿಸಬೇಕು, ಅಥವಾ ಮುಂದಿನ ಅಂಚಿನ ಅಡಿಯಲ್ಲಿ ಒಂದು ಗಟ್ಟಿ ಪಟ್ಟಿ ಕೊಡಬೇಕು. ಒಂದು ಮೀಟರ್ ಅಗಲದ ಕಪಾಟು ನೋಡಲು ವಿಶಾಲವಾಗಿ ಕಾಣುತ್ತದೆ ನಿಜ, ಅದೇ ಅಗಲವನ್ನು ಎರಡಾಗಿ ಒಡೆದದ್ದು ಹೆಚ್ಚು ಕಾಲ ಬಾಳುತ್ತದೆ.

ಹಲಗೆಯ ಜಾತಿಯ ಬಗ್ಗೆ ಮಾರಾಟಗಾರರು ಆಡುವ ಮಾತಿನಲ್ಲಿ ಅರ್ಧಕ್ಕರ್ಧ ಭಕ್ತಿಯೇ ಇರುತ್ತದೆ; ಒಬ್ಬರಿಗೆ ಪ್ಲೈವುಡ್ ಬಿಟ್ಟು ಉಳಿದದ್ದೆಲ್ಲ ಕಸ, ಇನ್ನೊಬ್ಬರಿಗೆ ಕಾರ್ಖಾನೆಯ ಬೋರ್ಡೇ ಭವಿಷ್ಯ. ಪ್ಲೈವುಡ್‌ನ ತೆಳುಪದರಗಳನ್ನು ಒಂದಕ್ಕೊಂದು ಅಡ್ಡನಾರಾಗಿ ಅಂಟಿಸಿರುವುದರಿಂದ ಅದು ಸ್ಕ್ರೂ ಹಿಡಿಯುವುದರಲ್ಲಿ, ಭಾರ ತಾಳುವುದರಲ್ಲಿ, ತೇವ ಸಹಿಸುವುದರಲ್ಲಿ ಮುಂದಿದೆ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಮೈ ನುಣುಪು, ಬಣ್ಣ ಹಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಭಾರ ಹೆಚ್ಚು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 18 ಮಿ.ಮೀ. ದಪ್ಪದ ಒಂದು ಎಂಡಿಎಫ್ ಹಾಳೆ ಸುಮಾರು 40 ಕೆ.ಜಿ. ತೂಗುತ್ತದೆ. ಪಾರ್ಟಿಕಲ್ ಬೋರ್ಡ್ ಅಗ್ಗ, ಒಣಗಿದ ಕೋಣೆಯಲ್ಲಿ ಪೆಟ್ಟಿಗೆಗೆ ಅದು ಸಾಕಾಗುತ್ತದೆ. ನೀರು ಕುಡಿದರೆ ಮಾತ್ರ ಉಬ್ಬಿದ್ದು ಉಬ್ಬಿದಂತೆಯೇ ಉಳಿಯುತ್ತದೆ, ಮತ್ತು ಸ್ಕ್ರೂವನ್ನು ಬಿಚ್ಚಿ ಅದೇ ತೂತಿಗೆ ಮತ್ತೆ ಹಾಕಿದರೆ ಮೊದಲಿನ ಹಿಡಿತ ಸಿಗುವುದಿಲ್ಲ. ನನ್ನ ಮಟ್ಟಿಗೆ ಪಕ್ಕದ ಹಲಗೆಗಳು ಮತ್ತು ತಳ ಪ್ಲೈವುಡ್‌ನಲ್ಲಿರಲಿ, ಶಟರ್‌ಗಳು ಎಂಡಿಎಫ್‌ನಲ್ಲಿದ್ದರೂ ಅಡ್ಡಿಯಿಲ್ಲ. ಹಿಂಬದಿಗೆ 3 ಮಿ.ಮೀ. ತೆಳುಹಾಳೆ ಬೇಡ, 6 ಅಥವಾ 8 ಮಿ.ಮೀ. ಹಲಗೆಯನ್ನು ಕೊರೆದ ತೋಡಿನಲ್ಲಿ ಕೂರಿಸಿದರೆ ಪೆಟ್ಟಿಗೆ ಮೂಲೆಮಟ್ಟ ತಪ್ಪುವುದಿಲ್ಲ.

ಯಾವ ಬೋರ್ಡ್ ಆದರೂ ಅದರ ದೌರ್ಬಲ್ಯ ಅಂಚಿನಲ್ಲಿದೆ. ಮೇಲ್ಮೈಗೆ ಲ್ಯಾಮಿನೇಟ್‌ನ ರಕ್ಷಣೆ ಇರುತ್ತದೆ, ಕತ್ತರಿಸಿದ ಬಾಯಿಗೆ ಇರುವುದು ಎಡ್ಜ್ ಬ್ಯಾಂಡ್ ಎಂಬ ತೆಳುವಾದ ಅಂಚುಪಟ್ಟಿ ಮಾತ್ರ. ಕಾಣುವ ಅಂಚುಗಳಿಗೆ 2 ಮಿ.ಮೀ. ಪಟ್ಟಿ, ಉಳಿದವಕ್ಕೆ 0.8 ಮಿ.ಮೀ. ಎಂದು ಬರೆಸಿಕೊಳ್ಳಬೇಕು, ಮಾದರಿ ಪೆಟ್ಟಿಗೆಯ ತಳಹಲಗೆಯ ಅಡಿಗೂ, ಹಿಂದಿನ ಅಂಚಿಗೂ ಬೆರಳಾಡಿಸಿ ನೋಡಬೇಕು. ಅಲ್ಲಿ ಪುಡಿ ಕೈಗೆ ಹತ್ತಿದರೆ ಆ ಕೆಲಸಗಾರರು ಕಾಣದ ಅಂಚುಗಳನ್ನು ಹಾಗೆಯೇ ಬಿಡುತ್ತಾರೆ ಎಂದರ್ಥ. ಇದು ತೇವದ ಪ್ರಶ್ನೆಯಷ್ಟೇ ಅಲ್ಲ, ಗಾಳಿಯದೂ ಹೌದು. ಈ ಹಲಗೆಗಳಲ್ಲಿ ಬಹುಪಾಲನ್ನು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಿಂದ ಮಾಡಿರುತ್ತಾರೆ, ತೆರೆದ ಅಂಚುಗಳಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತದೆ. ಹೊಸದರಲ್ಲಿ, ಸೆಕೆಯಲ್ಲಿ, ತೇವದಲ್ಲಿ ಅದು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಬೋರ್ಡ್‌ನ ಮೇಲೆ ಕಾಣುವ ‘ಇ1’ ಎಂಬ ಗುರುತು ಪರೀಕ್ಷಾ ಕೊಠಡಿಯಲ್ಲಿ ಈ ಅನಿಲ ಘನಮೀಟರ್ ಗಾಳಿಗೆ 0.124 ಮಿಲಿಗ್ರಾಂ ಮೀರದು ಎಂಬುದನ್ನು ಸೂಚಿಸುತ್ತದೆ. ಐರೋಪ್ಯ ಒಕ್ಕೂಟವು ಪೀಠೋಪಕರಣಗಳಿಗೆ ಇದರ ಅರ್ಧದಷ್ಟನ್ನು, ಅಂದರೆ 0.062 ಮಿಲಿಗ್ರಾಂ ಮಿತಿಯನ್ನು, 2026ರ ಆಗಸ್ಟ್‌ನಿಂದ ಅನ್ವಯವಾಗುವಂತೆ ವಿಧಿಸಿದೆ. ರಾತ್ರಿಯಿಡೀ ಕಿಟಕಿ ಮುಚ್ಚಿ ಮಲಗುವ ಕೋಣೆಯ ಒಂದು ಪೂರ್ತಿ ಗೋಡೆಯನ್ನು ಬೋರ್ಡ್‌ನಿಂದ ತುಂಬುವವರು ಈ ಗುರುತನ್ನು ಕೇಳುವುದು ಅತಿಯಾಗದು. ಕೂರಿಸಿದ ಮೇಲೆ ಕೆಲವು ದಿನ ಶಟರ್‌ಗಳನ್ನೂ ಕಿಟಕಿಗಳನ್ನೂ ತೆರೆದಿಟ್ಟು, ಆಮೇಲೆ ಬಟ್ಟೆ ತುಂಬುವುದು ಒಳ್ಳೆಯದು.

ಎತ್ತರದ ಶಟರ್‌ಗಳು ಬಿಲ್ಲಿನಂತೆ ಬಾಗುವುದಕ್ಕೆ ಹೆಚ್ಚಾಗಿ ಕಾರಣ ಎರಡು ಬದಿಗೂ ಒಂದೇ ದಪ್ಪದ ಲ್ಯಾಮಿನೇಟ್ ಹಾಕದಿರುವುದು. ಹೊರಗೆ 1 ಮಿ.ಮೀ. ಹಾಳೆ, ಒಳಗೆ ತೆಳುವಾದ ಬಿಳಿಹಾಳೆ ಅಂಟಿಸಿದರೆ ಎರಡು ಬದಿಗಳು ತೇವಕ್ಕೆ ಬೇರೆಬೇರೆ ರೀತಿಯಲ್ಲಿ ಹಿಗ್ಗಿ ಕುಗ್ಗುತ್ತವೆ. ಏಳು ಅಡಿಗಿಂತ ಎತ್ತರದ ಶಟರ್‌ಗೆ ಹಿಂಬದಿಯಲ್ಲಿ ಅಲ್ಯೂಮಿನಿಯಂ ಸ್ಟ್ರೈಟ್‌ನರ್ ಪಟ್ಟಿಯನ್ನು ಕೂರಿಸುತ್ತಾರೆ. ತುದಿಯ ಸ್ಕ್ರೂ ತಿರುಗಿಸಿ ಬಾಗನ್ನು ಸರಿಪಡಿಸಬಹುದಾದ ಈ ಪಟ್ಟಿಯನ್ನು ದರಪಟ್ಟಿಯಲ್ಲಿ ಸೇರಿಸಿದ್ದಾರೆಯೇ ಎಂದು ನೋಡಬೇಕು. ಬೋರ್ಡ್ ಹಾಳೆಯ ಉದ್ದವೇ 2440 ಮಿ.ಮೀ. ಆದ್ದರಿಂದ ಅದಕ್ಕಿಂತ ಎತ್ತರದ ಚಾವಣಿಯಿದ್ದರೆ ಮೇಲೆ ಪ್ರತ್ಯೇಕ ಲಾಫ್ಟ್ ಬರುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಹೊದಿಕೆ, ಸೂಟ್‌ಕೇಸುಗಳಿಗೆ ಅದು ತಕ್ಕ ಜಾಗ.

ಹಿಂಜ್ ಮತ್ತು ಚಾನೆಲ್‌ಗಳಲ್ಲಿ ಉಳಿತಾಯ ಮಾಡಬಾರದು. ಏಳು ಅಡಿ ಎತ್ತರ, ಒಂದೂವರೆ ಅಡಿ ಅಗಲದ ಎಂಡಿಎಫ್ ಶಟರ್ ಸುಮಾರು 13 ಕೆ.ಜಿ. ತೂಗುತ್ತದೆ, ಅದಕ್ಕೆ ನಾಲ್ಕು ಹಿಂಜ್ ಬೇಕು, ಮೂರರಲ್ಲಿ ಮುಗಿಸುವವರೂ ಇದ್ದಾರೆ. ಮೇಲೆ 4 ಮಿ.ಮೀ. ಕನ್ನಡಿ ಅಂಟಿಸಿದರೆ ಪ್ರತಿ ಚದರ ಮೀಟರ್‌ಗೆ ಇನ್ನೂ 10 ಕೆ.ಜಿ. ಸೇರುತ್ತದೆ. ಶಟರ್‌ನಲ್ಲಿ ಕೊರೆಯುವ 35 ಮಿ.ಮೀ. ವ್ಯಾಸದ ಗುಂಡಿಗೆ ಕೂರುವ ಹಿಂಜ್‌ಗಳು ಸಾಮಾನ್ಯವಾಗಿ 110 ಡಿಗ್ರಿಯವರೆಗೆ ತೆರೆಯುತ್ತವೆ, ಆದರೆ ತೆರೆದಾಗ ಶಟರ್‌ನ ದಪ್ಪದ ಒಂದು ಪಾಲು ಪೆಟ್ಟಿಗೆಯ ಬಾಯಿಗೆ ಅಡ್ಡ ನಿಲ್ಲುತ್ತದೆ. ಅದರ ಹಿಂದೆ ಡ್ರಾಯರ್ ಇದ್ದರೆ ಅದು ಹೊರಬರುವಾಗ ಶಟರ್‌ಗೆ ಉಜ್ಜುತ್ತದೆ. ಪಕ್ಕದ ಹಲಗೆಗೂ ಡ್ರಾಯರ್‌ಗೂ ನಡುವೆ ಪಟ್ಟಿ ಕೊಟ್ಟು ಡ್ರಾಯರನ್ನು ಒಳಕ್ಕೆ ಸರಿಸಬೇಕು, ಇಲ್ಲವೇ 155 ಅಥವಾ 165 ಡಿಗ್ರಿ ತೆರೆಯುವ ಹಿಂಜ್ ಹಾಕಬೇಕು. ನಾನು ನೋಡಿದ ಒಂದು ಮಾದರಿ ಕೋಣೆಯಲ್ಲಿ ಪ್ರದರ್ಶನಕ್ಕಿಟ್ಟ ಪೆಟ್ಟಿಗೆಯಲ್ಲೇ ಈ ದೋಷವಿತ್ತು; ಡ್ರಾಯರ್‌ನ ಮುಖದ ಬಲ ಅಂಚಿನಲ್ಲಿ ಗೀರುಗಳ ಒಂದು ಸಾಲು ಬಿದ್ದಿತ್ತು, ಕೈಯಲ್ಲಿ ಎಳೆದಾಗ ಶಟರನ್ನು ಇನ್ನೂ ಸ್ವಲ್ಪ ದೂಡಿ ಹಿಡಿಯಬೇಕಾಗಿತ್ತು. ಮಾರಾಟಗಾರರು ಅದನ್ನು ಹೊಂದಿಸಿದರೆ ಸರಿಹೋಗುತ್ತದೆಂದರು, ಹಿಂಜ್‌ನ ಸ್ಕ್ರೂ ತಿರುಗಿಸಿ ಅದು ಸರಿಹೋಗುವಂಥದ್ದಲ್ಲ.

ಡ್ರಾಯರ್ ಚಾನೆಲ್ ಪೂರ್ತಿ ಹೊರಬರುವಂಥದ್ದಾಗಿರಬೇಕು. ಮುಕ್ಕಾಲು ಮಾತ್ರ ಬರುವ ಚಾನೆಲ್‌ನಲ್ಲಿ ಹಿಂದಿನ ಕಾಲುಭಾಗ ಸದಾ ಕತ್ತಲೆ. ಬಾಲ್ ಬೇರಿಂಗ್ ಚಾನೆಲ್‌ಗಳಿಗೆ ಎರಡೂ ಪಕ್ಕದಲ್ಲಿ ಅರ್ಧರ್ಧ ಇಂಚು ಬೇಕಾಗುವುದರಿಂದ ಡ್ರಾಯರ್ ಪೆಟ್ಟಿಗೆಯಷ್ಟು ಅಗಲವಿರುವುದಿಲ್ಲ. ಆಸ್ಟ್ರಿಯಾದ ಬ್ಲಮ್, ಜರ್ಮನಿಯ ಹೆಟ್ಟಿಚ್‌ನಂಥ ಹೆಸರಾಂತ ತಯಾರಕರ ಸಾಮಾನಿಗೆ ಕೊಡುವ ಹೆಚ್ಚಿನ ಹಣಕ್ಕೆ ಅದರ ನಯವಾದ ಚಲನೆ ಒಂದು ಕಾರಣವಾದರೆ, ವರ್ಷಗಳ ನಂತರವೂ ಅದೇ ಮಾದರಿಯ ಬಿಡಿಭಾಗ ಸಿಗುವ ಸಾಧ್ಯತೆ ಇನ್ನೊಂದು ಕಾರಣ. ಸದ್ದಿಲ್ಲದೆ ಮೆಲ್ಲಗೆ ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸ್ ಹಿತವೆನಿಸುತ್ತದೆ, ಅನಿವಾರ್ಯವಲ್ಲ. ಒಳಗಿನ ಎಲ್‌ಇಡಿ ದೀಪಕ್ಕೆ ವಿದ್ಯುತ್ ಒದಗಿಸುವ ಚಿಕ್ಕ ಡ್ರೈವರ್ ಪೆಟ್ಟಿಗೆಯನ್ನು ಹಿಂಬದಿಯ ಹಲಗೆಯ ಆಚೆ ಹೂತುಹಾಕದಂತೆ ನೋಡಿಕೊಂಡರೆ ಸಾಕು. ದೀಪದ ಪಟ್ಟಿಗಿಂತ ಮೊದಲು ಕೆಡುವುದು ಅದೇ. ಬಣ್ಣ, ಹಿಡಿಕೆಗಳ ವಿಷಯದಲ್ಲಿ ನನ್ನ ಸಲಹೆಯಿಲ್ಲ, ಅವರವರ ರುಚಿ.

ಅಳತೆ ತೆಗೆದುಕೊಳ್ಳುವ ರೀತಿಯನ್ನು ನೋಡಿಯೇ ಕೆಲಸಗಾರರ ಯೋಗ್ಯತೆ ತಿಳಿಯುತ್ತದೆ. ಗೋಡೆಗಳು ನೆಟ್ಟಗಿರುವುದಿಲ್ಲ, ನೆಲ ಸಮತಟ್ಟಾಗಿರುವುದಿಲ್ಲ. ಅಗಲವನ್ನು ಕೆಳಗೆ, ಮಧ್ಯದಲ್ಲಿ, ಮೇಲೆ ಹೀಗೆ ಮೂರು ಕಡೆ ಅಳೆದು ಅತಿ ಚಿಕ್ಕದನ್ನು ಹಿಡಿಯಬೇಕು, ರಸಮಟ್ಟವಿಟ್ಟು ನೆಲವನ್ನು ನೋಡಬೇಕು, ಪಕ್ಕದಲ್ಲಿ 2ರಿಂದ 5 ಸೆಂ.ಮೀ. ಪಟ್ಟಿಗೆ ಜಾಗ ಬಿಟ್ಟು ಆ ಪಟ್ಟಿಯನ್ನು ಗೋಡೆಯ ಓರೆಗೆ ತಕ್ಕಂತೆ ಕೆತ್ತಿ ಕೂರಿಸಬೇಕು. ಒಂದೇ ಕಡೆ ಟೇಪ್ ಹಿಡಿದು ಹೊರಟವರು ಆಮೇಲೆ ಸಂದಿಗಳನ್ನು ಸಿಲಿಕೋನ್‌ನಿಂದ ಮುಚ್ಚುತ್ತಾರೆ. ನೆಲದ ಮೇಲೆ ಮಲಗಿಸಿ ಜೋಡಿಸಿದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುವಾಗ ಅದರ ಕರ್ಣ ಚಾವಣಿಗೆ ತಾಗಬಾರದು ಎಂಬುದೂ ಲೆಕ್ಕದಲ್ಲಿರಲಿ: 2400 ಮಿ.ಮೀ. ಎತ್ತರ, 600 ಮಿ.ಮೀ. ಆಳದ ಪೆಟ್ಟಿಗೆಯ ಕರ್ಣ 2474 ಮಿ.ಮೀ. ಚಾವಣಿ 2450 ಇದ್ದರೆ ಅದು ನಿಂತ ಮೇಲೆ ಹಿಡಿಸುತ್ತದೆ, ನಿಲ್ಲಿಸಲು ಮಾತ್ರ ಆಗುವುದಿಲ್ಲ. ಆಗ ಪೆಟ್ಟಿಗೆಯನ್ನು ಎರಡು ತುಂಡಾಗಿ ಮಾಡಬೇಕು ಅಥವಾ ನಿಂತಲ್ಲೇ ಜೋಡಿಸಬೇಕು.

ತೇವದ ಗೋಡೆಗೆ ವಾರ್ಡ್‌ರೋಬ್ ಕೂರಿಸುವುದಕ್ಕಿಂತ ದುಬಾರಿ ಕೆಲಸ ಇನ್ನೊಂದಿಲ್ಲ. ಹೊರಗೋಡೆ, ಸ್ನಾನದ ಕೋಣೆಗೆ ಹೊಂದಿದ ಗೋಡೆ ಎರಡೂ ಸಂಶಯಾಸ್ಪದ. ಪೆಟ್ಟಿಗೆ ಕೂರಿಸಿದ ಮೇಲೆ ಗೋಡೆಗೆ ಕೋಣೆಯ ಗಾಳಿ ತಾಗುವುದು ನಿಲ್ಲುತ್ತದೆ, ಬೂಷ್ಟು ಹಿಂಬದಿಯಿಂದ ಆರಂಭವಾಗಿ ಬಟ್ಟೆಗೆ ವಾಸನೆ ಬರುವವರೆಗೂ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ಒಂದು ತುಂಡನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಒಂದೆರಡು ದಿನ ಬಿಟ್ಟು ನೋಡಿದರೆ ಸಾಕಷ್ಟು ತಿಳಿಯುತ್ತದೆ: ಹನಿಗಳು ಗೋಡೆಯ ಬದಿಗಿದ್ದರೆ ತೇವ ಗೋಡೆಯದು, ಕೋಣೆಯ ಬದಿಗಿದ್ದರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಮೊದಲನೆಯದಾದರೆ ಸೋರಿಕೆ ಸರಿಪಡಿಸುವವರೆಗೆ ಕೆಲಸ ಆರಂಭಿಸಲೇಬಾರದು. ಎರಡನೆಯದಾದರೆ ಹಿಂಬದಿಯಲ್ಲಿ 1ರಿಂದ 2 ಸೆಂ.ಮೀ. ಸಂದಿ ಬಿಟ್ಟು, ಕೆಳಗಿನ ಸ್ಕರ್ಟಿಂಗ್‌ನಲ್ಲೂ (ನೆಲದ ಬಳಿಯ ಮರೆಪಟ್ಟಿ) ಮೇಲ್ತುದಿಯಲ್ಲೂ ಗಾಳಿ ಆಡುವ ಸೀಳುಗಳನ್ನು ಕೊಡಿಸಬೇಕು. ಪೆಟ್ಟಿಗೆ 10 ಸೆಂ.ಮೀ. ಎತ್ತರದ ಹೊಂದಿಸಬಹುದಾದ ಕಾಲುಗಳ ಮೇಲೆ ನಿಂತು, ಮುಂದಿನ ಸ್ಕರ್ಟಿಂಗ್ ಕೈಯಲ್ಲಿ ಕಿತ್ತು ತೆಗೆಯುವಂತಿದ್ದರೆ ನೆಲ ಒರೆಸಿದ ನೀರು ಹಲಗೆಗೆ ತಾಗುವುದಿಲ್ಲ, ಒಳಗೆ ಏನಾಗಿದೆ ಎಂದು ಬಗ್ಗಿ ನೋಡುವುದಕ್ಕೂ ಆಗುತ್ತದೆ.

ಕಾರ್ಖಾನೆಯಲ್ಲಿ ಮಾಡಿಸಬೇಕೋ, ಬಡಗಿಯನ್ನು ಮನೆಗೆ ಕರೆಸಬೇಕೋ ಎಂಬ ಪ್ರಶ್ನೆಗೆ ಕೋಣೆಯ ಆಕಾರವೇ ಉತ್ತರ ಹೇಳುತ್ತದೆ. ನೇರವಾದ ಗೋಡೆ, ಚೌಕ ಮೂಲೆಗಳಿದ್ದರೆ ಯಂತ್ರದಲ್ಲಿ ಕತ್ತರಿಸಿದ ಹಲಗೆ, ಬಿಸಿ ಅಂಟಿನಲ್ಲಿ ಒತ್ತಿದ ಅಂಚುಪಟ್ಟಿ, ಸಮನಾದ ತೂತುಗಳು ಕೈಕೆಲಸಕ್ಕಿಂತ ಖಂಡಿತ ಮೇಲು. ಇಳಿಜಾರು ಚಾವಣಿ, ಮಧ್ಯೆ ಚಾಚಿದ ಕಂಬ, ಓರೆ ಮೂಲೆ ಇದ್ದರೆ ಸ್ಥಳದಲ್ಲೇ ಅಳೆದು ಕತ್ತರಿಸುವ ನುರಿತ ಬಡಗಿಗೆ ಸಮನಿಲ್ಲ. ಕಾರ್ಖಾನೆಯವರು ಅಂಥ ಕಡೆ ಅಗಲವಾದ ಪಟ್ಟಿಗಳನ್ನು ಹೊಡೆದು ಜಾಗವನ್ನೇ ಮುಚ್ಚಿಬಿಡುತ್ತಾರೆ. ಇಬ್ಬರಲ್ಲಿ ಯಾರಾದರೂ, ದರಪಟ್ಟಿಯಲ್ಲಿ ಬೋರ್ಡ್‌ನ ಬಗೆ ಮತ್ತು ದಪ್ಪ, ಹಿಂಬದಿಯ ದಪ್ಪ, ಅಂಚುಪಟ್ಟಿಯ ದಪ್ಪ, ಹಿಂಜ್‌ಗಳ ಸಂಖ್ಯೆ ಮತ್ತು ಮಾದರಿ, ಚಾನೆಲ್‌ನ ಉದ್ದ ಮತ್ತು ಅದು ತಾಳುವ ಭಾರ ಪ್ರತ್ಯೇಕವಾಗಿ ಬರೆದಿರಬೇಕು. ಬರೆಯಲು ಹಿಂಜರಿಯುವವರೊಡನೆ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ಕೆಲಸ ಮುಗಿದ ದಿನ ಶಟರ್‌ಗಳ ನಡುವಣ ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿದೆಯೇ ಎಂದು ನೋಡಿ, ಹಿಂಜ್‌ಗಳನ್ನು ಹೊಂದಿಸುವ ಮೂರು ಸ್ಕ್ರೂಗಳಲ್ಲಿ ಯಾವುದು ಶಟರನ್ನು ಎತ್ತುತ್ತದೆ, ಯಾವುದು ಪಕ್ಕಕ್ಕೆ ಸರಿಸುತ್ತದೆ, ಯಾವುದು ಒಳಕ್ಕೆ ಎಳೆಯುತ್ತದೆ ಎಂಬುದನ್ನು ಅವರಿಂದಲೇ ಮಾಡಿಸಿ ಕಲಿತುಕೊಳ್ಳಬೇಕು. ಬಟ್ಟೆ ತುಂಬಿದ ಮೇಲೆ ಪೆಟ್ಟಿಗೆ ಒಂದಿಷ್ಟು ಕುಸಿದು ಕೂರುವುದು ಸಹಜ, ಆಗ ಆ ಸ್ಕ್ರೂಗಳನ್ನು ನಾವೇ ತಿರುಗಿಸಬೇಕಾಗುತ್ತದೆ.